ಬರ್ಲಿನ್ನೋ, ಮ್ಯೂನಿಕ್ಕೋ, ಲೈಪ್ಸಿಗ್ಗೋ?

ಜರ್ಮನಿಯಲ್ಲಿ ನಾಲ್ಕೇ ದಿನ, ಸಂಗೀತ ಮತ್ತು ಚಿತ್ರಕಲೆ ಮುಖ್ಯ, ಯಾವ ಊರು ಅಂತ ಕೇಳಿದ್ದೀರಿ.

ಆಯ್ಕೆ ಜಾಸ್ತಿ ಇರುವುದು ಬರ್ಲಿನ್‌ನಲ್ಲೇ. ಮೂರು ದೊಡ್ಡ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಮಂದಿರಗಳಿವೆ. ಯಾಕೆಂದರೆ ಊರು ದಶಕಗಳ ಕಾಲ ಎರಡು ಹೋಳಾಗಿತ್ತು, ಎರಡೂ ಕಡೆಯವರು ತಮ್ಮ ತಮ್ಮದನ್ನು ಉಳಿಸಿಕೊಂಡರು. 1963ರಲ್ಲಿ ತೆರೆದ ಫಿಲ್‌ಹಾರ್ಮೊನಿ ಸಂಗೀತ ಸಭಾಂಗಣದಲ್ಲಿ ವೇದಿಕೆಯ ಸುತ್ತಲೂ ಜನ ಕೂರುತ್ತಾರೆ. ವೇದಿಕೆಯ ಹಿಂದಿನ ಸೀಟು ಸಿಕ್ಕರೆ ಬೇಜಾರು ಬೇಡ. ವಾದ್ಯಗಾರರ ಬೆನ್ನು ಕಂಡರೂ ವಾದ್ಯವೃಂದ ನಡೆಸುವ ಕಂಡಕ್ಟರ್ ಮುಖ, ಬೆರಳು, ಕಣ್ಸನ್ನೆ ಎಲ್ಲಾ ನಿಮ್ಮ ಎದುರಿಗೇ! ನನಗಂತೂ ಅದೇ ಇಷ್ಟ. ಪ್ರಾಚೀನ ಈಜಿಪ್ಟಿನ ರಾಣಿ ನೆಫೆರ್ಟಿಟಿಯ ಪ್ರತಿಮೆ ನೋಯೆಸ್ ಮ್ಯೂಸಿಯಂನಲ್ಲಿದೆ. ಪೆರ್ಗಮೋನ್ ಮ್ಯೂಸಿಯಂ ಮಾತ್ರ 2023ರಲ್ಲಿ ದುರಸ್ತಿಗೆಂದು ಮುಚ್ಚಿತು, ವಿಚಾರಿಸಿ ಹೋಗಿ.

ಖರ್ಚಿನ ಮಾತಿಗೆ ಬಂದರೆ, ಮ್ಯೂನಿಕ್‌ನಲ್ಲಿ ಹೋಟೆಲ್ ದುಬಾರಿ. ಆದರೆ ಭಾನುವಾರ ಆಲ್ಟೆ ಪಿನಕೊಥೆಕ್ ಎಂಬ ಚಿತ್ರಕಲಾ ಮ್ಯೂಸಿಯಂಗೆ ಟಿಕೆಟ್ ಬರೀ 1 ಯೂರೋ. ರೂಬೆನ್ಸ್, ಡ್ಯೂರರ್‌ನಂಥ ಹಳೇ ಕಲಾವಿದರ ಚಿತ್ರಗಳಿಗಾಗಿ ಬರುವವರು ಭಾನುವಾರ ಸೇರುವಂತೆ ದಿನ ಗೊತ್ತು ಮಾಡಿಕೊಳ್ಳಿ.

ಓಡಾಟ ಕಷ್ಟ ಅನ್ನುವ ಹಿರಿಯರು ಜೊತೆಗಿದ್ದರೆ ಲೈಪ್ಸಿಗ್ ಸುಲಭ. ಹಳೇ ಊರಿನ ನಡುಭಾಗ ಚಿಕ್ಕದು, ನಡೆದೇ ಸುತ್ತಬಹುದು. ಸಂಗೀತ ರಚನಕಾರ ಬಾಖ್ 1723ರಿಂದ 1750ರವರೆಗೆ, ಅಂದರೆ ಸಾಯುವವರೆಗೂ, ಕೆಲಸ ಮಾಡಿದ ಥಾಮಸ್ ಚರ್ಚ್ ಅಲ್ಲೇ ಇದೆ. ಚಿತ್ರಕಲೆಗಿಂತ ಸಂಗೀತವೇ ಮುಖ್ಯವಾದರೆ ಎರಡು ದಿನ ಇಲ್ಲಿ, ಎರಡು ದಿನ ಬರ್ಲಿನ್. ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ ಅಷ್ಟೇ.