ಐದು ಕೆಜಿ ಕೊಕೊಪೀಟ್ ಇಟ್ಟಿಗೆ: ಕೊಡಗಿನ ಮಳೆಗೆ ಒಂಟಿಯಾಗಿ ಸಾಲದು

ಮಣ್ಣಿಲ್ಲದೆ, ಅಂದರೆ ಹೈಡ್ರೋಪೋನಿಕ್ಸ್ ರೀತಿಯಲ್ಲಿ, ತರಕಾರಿ ಬೆಳೆಸಲು ಹೊರಟವರಿಗೆ ಮಡಿಕೇರಿಯಲ್ಲಾಗಲಿ ಕುಶಾಲನಗರದಲ್ಲಾಗಲಿ ಮಣ್ಣಿನ ಬದಲಿಗೆ ಬೇರು ಊರಲು ಸುಲಭವಾಗಿ ಸಿಗುವ ಮಾಧ್ಯಮ ಐದು ಕೆಜಿಯ ಕೊಕೊಪೀಟ್ ಇಟ್ಟಿಗೆ. ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿಯನ್ನೇ ಒತ್ತಿ ಮಾಡಿದ್ದು. ಕೊಳ್ಳಬಹುದಾ? ಕೊಳ್ಳಬಹುದು. ಆದರೆ ಪೊಟ್ಟಣ ಬಿಚ್ಚಿ ನೇರ ಗ್ರೋಬ್ಯಾಗಿಗೆ (ಗಿಡ ಬೆಳೆಸುವ ಚೀಲಕ್ಕೆ) ತುಂಬುವ ಸರಕು ಇದಲ್ಲ.

ಒಂದು ಇಟ್ಟಿಗೆಗೆ 20ರಿಂದ 25 ಲೀಟರ್ ನೀರು ಬೇಕು, ಅರಳಿದರೆ 60ರಿಂದ 70 ಲೀಟರ್ ಪುಡಿ ಆಗುತ್ತದೆ. ಬೆಚ್ಚಗಿನ ನೀರು ಹಾಕಿದರೆ ಬೇಗ ಅರಳುತ್ತದೆ. ಮೊದಲು ಮೂಲೆಗಳು ಉದುರುತ್ತವೆ, ನಡುವೆ ಮುಷ್ಟಿ ಗಾತ್ರದ ಒಣಗಂಟು ಹಾಗೇ ಉಳಿಯುತ್ತದೆ. ಅದನ್ನು ಕೈಯಿಂದ ಒಡೆಯದೆ ಬಿಟ್ಟರೆ ಒಳಗಿನ ಉಪ್ಪು ತೊಳೆದು ಹೋಗುವುದಿಲ್ಲ.

ಎಲ್ಲ ತಂಟೆಯೂ ಈ ಉಪ್ಪಿನದ್ದೇ. ಸಿಪ್ಪೆಯನ್ನು ಕಡಲತೀರದ ಉಪ್ಪು ಹಿನ್ನೀರಿನಲ್ಲಿ ನೆನೆಹಾಕಿದ್ದರೆ ಸೋಡಿಯಂ ಹೆಚ್ಚಿರುತ್ತದೆ, ಪೊಟ್ಯಾಸಿಯಂ ಅಂತೂ ತೆಂಗಿನಲ್ಲೇ ಇದೆ. ತೊಳೆದ ನೀರು ಡಿಕಾಕ್ಷನ್ ಬಣ್ಣದಿಂದ ತಿಳಿಯಾಯಿತು ಅಂದರೆ ಉಪ್ಪು ಹೋಯಿತು ಅಂತ ಹಲವರು ತಿಳಿಯುತ್ತಾರೆ. ಆ ಬಣ್ಣ ಸಿಪ್ಪೆಯ ಒಗರು ಅಂಶವಾದ ಟ್ಯಾನಿನ್‌ದು, ಉಪ್ಪಿಗೆ ಬಣ್ಣವಿಲ್ಲ. ಒಂದು ಲೋಟ ಒದ್ದೆ ಪುಡಿಗೆ ಒಂದೂವರೆ ಲೋಟ ಮಳೆನೀರು ಬೆರೆಸಿ, ಅರ್ಧ ಗಂಟೆ ಬಿಟ್ಟು, ಬಟ್ಟೆಯಲ್ಲಿ ಸೋಸಿ, ನೀರಿನಲ್ಲಿ ಕರಗಿದ ಉಪ್ಪನ್ನು ತೋರಿಸುವ ಇಸಿ ಮೀಟರ್ ಅದ್ದಿ ನೋಡಿ. ಅದರಲ್ಲಿ 0.5 mS/cmಗಿಂತ ಕಡಿಮೆ ಬಂದರೆ ಸರಿ, 1 ದಾಟಿದರೆ ಇನ್ನೂ ತೊಳೆಯಬೇಕು.

ತೊಳೆಯುವುದಕ್ಕೆ ಜೂನ್, ಜುಲೈ ತಿಂಗಳಲ್ಲಿ ಸೂರಿನ ನೀರಿಗಿಂತ ಒಳ್ಳೆಯದು ಯಾವುದೂ ಇಲ್ಲ. ಅದರಲ್ಲಿ ಉಪ್ಪೇ ಇಲ್ಲವೆನ್ನಬಹುದು, ದುಡ್ಡೂ ಇಲ್ಲ. ಅರಳಿದ ಪುಡಿಯನ್ನು ಶೇಡ್‌ನೆಟ್ ಚೀಲಕ್ಕೆ ತುಂಬಿ ನೀರು ಬೀಳುವ ಕಡೆ ಇಟ್ಟರಾಯಿತು. ಆದರೆ ಮಳೆನೀರು ತೆಗೆಯುವುದು ಬಿಡಿಯಾಗಿ ಕರಗಿರುವ ಉಪ್ಪನ್ನು ಮಾತ್ರ, ನಾರಿಗೆ ಅಂಟಿಕೊಂಡ ಸೋಡಿಯಂ, ಪೊಟ್ಯಾಸಿಯಂ ಕದಲುವುದಿಲ್ಲ. ಅವನ್ನು ಎಬ್ಬಿಸಲು ಕ್ಯಾಲ್ಸಿಯಂ ಬೇಕು: ಲೀಟರಿಗೆ 2 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ, ಪುಡಿ ಮುಳುಗುವಷ್ಟು ಹಾಕಿ ಒಂದು ರಾತ್ರಿ ಬಿಟ್ಟು, ಬಸಿದು, ಮತ್ತೊಮ್ಮೆ ತೊಳೆಯಬೇಕು. ಈ ಕೆಲಸ ತಪ್ಪಿಸಿದರೆ ನೀವು ಕೊಡುವ ಕ್ಯಾಲ್ಸಿಯಂ ಅನ್ನು ಕೊಕೊಪೀಟೇ ಹಿಡಿದಿಟ್ಟುಕೊಳ್ಳುತ್ತದೆ. ಲೆಟ್ಯೂಸ್ ಎಳೆ ಎಲೆಯ ಅಂಚು ಸುಡುತ್ತದೆ, ಟೊಮೆಟೊ ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತದೆ, ಜನ ಔಷಧಿ ಹುಡುಕುತ್ತಾ ಹೋಗುತ್ತಾರೆ. ಚೀಟಿಯಲ್ಲಿ 'ವಾಶ್ಡ್' ಅಂತಿದ್ದರೆ ಬರೀ ತೊಳೆದದ್ದು. 'ಬಫರ್ಡ್' ಅಂತಿದ್ದರೆ ಮಾತ್ರ ಈ ಕ್ಯಾಲ್ಸಿಯಂ ಕೆಲಸ ಮುಗಿದಿದೆ ಎಂದರ್ಥ.

ಇನ್ನು ಮಳೆಗಾಲ. ಮಡಿಕೇರಿ ಕಡೆ ವಾರಗಟ್ಟಲೆ ಬಿಸಿಲು ಕಾಣದಾಗ ಗಿಡ ನೀರು ಎಳೆಯುವುದೇ ಇಲ್ಲ, ಸೂರಿನಡಿ ಇಟ್ಟರೂ ಕೊಕೊಪೀಟ್ ಒಣಗುವುದಿಲ್ಲ. ಮೇಲೆ ಹಸಿರು ಪಾಚಿ, ಅದರ ಬೆನ್ನಿಗೆ ಸಣ್ಣ ಕರಿ ನೊಣ, ಆಮೇಲೆ ಬೇರು ಕೊಳೆ. ಇದಕ್ಕೆ ಭತ್ತದ ಹೊಟ್ಟನ್ನು ಸುಟ್ಟು ಮಾಡಿದ ಇದ್ದಿಲು ಬೆರೆಸುವುದು ಸರಿಯಾದ ದಾರಿ. ಮಡಿಕೇರಿ, ಭಾಗಮಂಡಲದ ಕಡೆ ಹತ್ತು ಪಾಲಿನಲ್ಲಿ ನಾಲ್ಕು ಪಾಲು, ಮಳೆ ಕಡಿಮೆಯಿರುವ ಕುಶಾಲನಗರದ ಕಡೆ ಎರಡು ಪಾಲು ಸಾಕು. ಮಿಲ್ಲಿನ ಬಾಯ್ಲರಿನಿಂದ ಬರುವ ಬೂದು ಬಣ್ಣದ ಬೂದಿ ಬೇಡ. ಅದು ಪಿಎಚ್ ಏರಿಸುತ್ತದೆ (ಕ್ಷಾರ ಹೆಚ್ಚಿಸುತ್ತದೆ), ಗಾಳಿಯಾಡುವ ಸಂದುಗಳನ್ನೂ ಮುಚ್ಚುತ್ತದೆ. ಇದ್ದಿಲು ಮಾಡಲು ತೂತು ಕೊರೆದ ಡಬ್ಬಿಯಲ್ಲಿ ಬೆಂಕಿ ಹಾಕಿ ಸುತ್ತ ಹೊಟ್ಟು ಪೇರಿಸಿ, ಕಪ್ಪಾದದ್ದನ್ನು ಮಗುಚುತ್ತಾ ಹೋಗಿ, ಬೆಳ್ಳಗಾಗುವ ಮುಂಚೆ ನೀರು ಹೊಯ್ದು ಆರಿಸಿ. ಹೊಟ್ಟಿನ ಆಕಾರ ಹಾಗೇ ಇದ್ದು ಬಣ್ಣ ಮಾತ್ರ ಕಪ್ಪಾಗಿರಬೇಕು. ಬಳಸುವ ಮುಂಚೆ ಎರಡು ಸಲ ತೊಳೆಯಿರಿ.

ಕಾಫಿ ಹೊಟ್ಟು ಮನೆ ಬಾಗಿಲಲ್ಲೇ ರಾಶಿ ಬಿದ್ದಿರುವಾಗ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಹಸಿ ಹೊಟ್ಟಿನಲ್ಲಿ ಕೆಫೀನ್, ಟ್ಯಾನಿನ್ ಇರುತ್ತವೆ, ಎಳೆ ಬೇರಿಗೆ ಆಗಿಬರುವುದಿಲ್ಲ. ಜೊತೆಗೆ ಕೊಳೆಯುವಾಗ ಸಾರಜನಕವನ್ನು ಅದೇ ತಿಂದುಬಿಡುತ್ತದೆ. ಪೂರ್ತಿ ಕಾಂಪೋಸ್ಟ್ ಆದಮೇಲೆ ತೋಟಕ್ಕೆ ಚಿನ್ನ, ಹೈಡ್ರೋಪೋನಿಕ್ಸ್ ತೊಟ್ಟಿಗೆ ಮಾತ್ರ ಬೇಡ.

ರಾಕ್‌ವುಲ್ ಬೀಜ ಮೊಳೆಸಲು ಚೆನ್ನ, ಆದರೆ ಕಲ್ಲು ಕರಗಿಸಿ ಮಾಡಿದ ಅದು ಎಲ್ಲಿ ಎಸೆದರೂ ಕರಗುವುದಿಲ್ಲ. ಜ್ವಾಲಾಮುಖಿ ಕಲ್ಲನ್ನು ಕಾಯಿಸಿ ಉಬ್ಬಿಸಿದ ಪರ್ಲೈಟ್ ಗಾಳಿ ಕೊಡುತ್ತದೆ ನಿಜ, ಸುಟ್ಟ ಹೊಟ್ಟೂ ಅದೇ ಕೆಲಸ ಮಾಡುವಾಗ ದೂರದಿಂದ ತರಿಸುವ ಅಗತ್ಯ ಕಾಣುವುದಿಲ್ಲ. ಸುಟ್ಟ ಮಣ್ಣಿನ ಗೋಲಿಗಳಿಗೆ ಮೊದಲ ಖರ್ಚು ಹೆಚ್ಚು, ಆದರೆ ತೊಳೆದು ವರ್ಷಾನುಗಟ್ಟಲೆ ಬಳಸಬಹುದು. ಪೈಪಿನಲ್ಲಿ ನೀರು ಹರಿಯುವ ಎನ್‌ಎಫ್‌ಟಿ ಕಟ್ಟಿದವರು ಇದನ್ನೇ ಆರಿಸಿ, ಬಿಡಿ ಕೊಕೊಪೀಟಿನ ನಯಪುಡಿ ಜಾರಿ ಪಂಪಿನ ಜರಡಿ ಕಟ್ಟುತ್ತದೆ.

ಎರಡು, ಮೂರು ಬೆಳೆ ಆದಮೇಲೆ ಕೊಕೊಪೀಟ್ ಹಿಟ್ಟಿನಂತಾಗಿ ನೀರು ಬಸಿಯುವುದು ನಿಧಾನವಾಗುತ್ತದೆ. ಆಗ ಅದನ್ನು ಕಾಫಿ ಗಿಡದ ಸುತ್ತ ಹೊದಿಕೆಯಾಗಿ ಹರಡಿ. ಮೊದಲ ಸಲ ತೊಳೆದ ಉಪ್ಪುನೀರನ್ನು ಮಾತ್ರ ಬಾವಿಯ ಕಡೆ ಬಿಡಬೇಡಿ. ಹಿತ್ತಲಲ್ಲಿ ತೆಂಗಿನ ಮರವಿದ್ದರೆ ಬುಡಕ್ಕೆ ಹೊಯ್ಯಿರಿ, ತನ್ನದೇ ಉಪ್ಪು ತನಗೆ ಬಂದರೆ ಅದಕ್ಕೇನೂ ಬೇಜಾರಿಲ್ಲ.