ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷದ ಕಲಾ ಪದವಿ: ನಾನು ನಡೆದು ನೋಡಿದ ಮೂರು ದಾರಿಗಳು

ಮೈಸೂರಿನಲ್ಲಿ ಪಿಯುಸಿ ಮುಗಿಸಿ, ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದ ನಾನು ಮಗ ಶಾಲೆಗೆ ಸೇರಿದ ವರ್ಷವೇ ಮನೆಯ ಹತ್ತಿರದ ಕಮ್ಯುನಿಟಿ ಕಾಲೇಜಿಗೆ, ಅಂದರೆ ಎರಡು ವರ್ಷದ ಪದವಿ ಕೊಡುವ ಸ್ಥಳೀಯ ಕಾಲೇಜಿಗೆ, ಸೇರಿಕೊಂಡೆ. ಅಲ್ಲಿ 60 ಯೂನಿಟ್ (ಕೋರ್ಸುಗಳ ಓದನ್ನು ಅಳೆಯುವ ಕ್ರೆಡಿಟ್) ಓದಿ, ಮೂರನೆಯ ವರ್ಷಕ್ಕೆ ವಿಶ್ವವಿದ್ಯಾಲಯಕ್ಕೆ ಟ್ರಾನ್ಸ್‌ಫರ್ ಆಗಬೇಕೆಂಬುದು ನನ್ನ ಆಸೆಯಾಗಿತ್ತು. ರಾಜ್ಯದ ನಿವಾಸಿಗಳಿಗೆ ಯೂನಿಟ್ ಒಂದಕ್ಕೆ 46 ಡಾಲರ್, ಅಂದರೆ ಒಟ್ಟು 2,760 ಡಾಲರ್ ಶುಲ್ಕ. ಯಾವ ದಾರಿ ಹಿಡಿದರೂ ಈ ದರ ಒಂದೇ ಆದ್ದರಿಂದ ಹಣದ ಲೆಕ್ಕದಿಂದ ಆಯ್ಕೆ ಸುಲಭವಾಗುವುದಿಲ್ಲ.

ಮೊದಲ ಮೂರು ಸೆಮಿಸ್ಟರ್ ನಾನು ಕಾಲೇಜಿನದೇ ಆದ ಸಾಮಾನ್ಯ ಎ.ಎ. (ಅಸೋಸಿಯೇಟ್ ಆಫ್ ಆರ್ಟ್ಸ್, ಎರಡು ವರ್ಷದ ಕಲಾ ಪದವಿ) ಪದವಿಗೆ ಓದಿದೆ. ವಿಷಯಗಳನ್ನು ಇಷ್ಟದಂತೆ ಆರಿಸಿಕೊಳ್ಳುವ ಸ್ವಾತಂತ್ರ್ಯ ಅದರಲ್ಲಿ ಹೆಚ್ಚು. ಬಹಳ ವರ್ಷಗಳ ಮೇಲೆ ಪುಸ್ತಕ ಹಿಡಿದವಳಿಗೆ ಅದು ಧೈರ್ಯ ಕೊಟ್ಟಿತೆಂಬುದನ್ನು ಮರೆಯಲಾರೆ. ಆದರೆ ದೈಹಿಕ ಶಿಕ್ಷಣದಂತಹ ಕಾಲೇಜಿನ ಸ್ವಂತ ನಿಯಮಗಳಿಗಾಗಿ ತೆಗೆದುಕೊಂಡ ತರಗತಿಗಳು ಮುಂದೆ ನನ್ನ ಮನಃಶಾಸ್ತ್ರದ ಪದವಿಗೆ ಒದಗುವುದಿಲ್ಲವೆಂದು ಯಾರೂ ಹೇಳಲಿಲ್ಲ. ಒಂದು ರಾತ್ರಿ ಅಸಿಸ್ಟ್ ಜಾಲತಾಣವನ್ನು ತೆರೆದು ನೋಡಿದೆ. ಎಡಗಡೆ ವಿಶ್ವವಿದ್ಯಾಲಯ ಕೇಳುವ ಕೋರ್ಸು, ಬಲಗಡೆ ಅದಕ್ಕೆ ಸಮನಾದ ನಮ್ಮ ಕಾಲೇಜಿನ ಕೋರ್ಸು. ಸಂಖ್ಯಾಶಾಸ್ತ್ರದ ಎದುರಿಗೂ ಸಂಶೋಧನಾ ವಿಧಾನದ ಎದುರಿಗೂ ಇದ್ದ ಕೋರ್ಸುಗಳಲ್ಲಿ ಒಂದನ್ನೂ ನಾನು ಓದಿರಲಿಲ್ಲ. ಒಂದೂವರೆ ವರ್ಷ ಕಳೆದಿತ್ತು.

ಆಮೇಲೆ ಹಿಡಿದದ್ದು ಎ.ಎ.-ಟಿ., ಅಂದರೆ ಟ್ರಾನ್ಸ್‌ಫರ್‌ಗೆಂದೇ 2010ರ ಕಾನೂನಿನ ಮೂಲಕ ರೂಪುಗೊಂಡ ಪದವಿ. ಇದರಲ್ಲಿ 60 ಯೂನಿಟ್‌ಗಳ ಮೇಲೆ ಕಾಲೇಜು ತನ್ನ ಹೆಚ್ಚುವರಿ ನಿಯಮಗಳನ್ನು ಹೇರುವಂತಿಲ್ಲ. ಪದವಿ ಮುಗಿಸಿದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ವ್ಯವಸ್ಥೆಯಲ್ಲಿ ಮೂರನೆಯ ವರ್ಷದ ಪ್ರವೇಶ ಖಾತ್ರಿ. ಹೊಂದಿಕೆಯಾಗುವ ವಿಷಯವನ್ನೇ ಮುಂದುವರಿಸಿದರೆ ಇನ್ನು 60 ಯೂನಿಟ್‌ಗಿಂತ ಹೆಚ್ಚು ಓದಿಸುವಂತಿಲ್ಲ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಈ ಎರಡನೆಯ ಭರವಸೆ, ಏಕೆಂದರೆ ಸಂಸಾರವಂದಿಗಳಿಗೆ ಪ್ರವೇಶ ಸಿಗುವುದಷ್ಟೇ ಮುಖ್ಯವಲ್ಲ, ಓದು ಎಂದು ಮುಗಿಯುತ್ತದೆಂದು ಗೊತ್ತಿರುವುದೂ ಅಷ್ಟೇ ಮುಖ್ಯ. ಒಂದು ಎಚ್ಚರಿಕೆ: ಖಾತ್ರಿ ಇರುವುದು ವ್ಯವಸ್ಥೆಗೆ, ನಾವು ಬಯಸಿದ ಕ್ಯಾಂಪಸ್ಸಿಗಲ್ಲ. ಪೈಪೋಟಿ ಹೆಚ್ಚಿರುವ ಕ್ಯಾಂಪಸ್ಸುಗಳಲ್ಲಿ ಆದ್ಯತೆ ದೊರೆತರೂ ಸೀಟು ದೊರೆಯದೆ ಹೋಗಬಹುದು.

ಇದಕ್ಕೆ ವಿರುದ್ಧವಾಗಿರುವುದು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಎಂಬ ಬೇರೆಯೇ ವ್ಯವಸ್ಥೆಯ ಟ್ಯಾಗ್ (ಟ್ರಾನ್ಸ್‌ಫರ್ ಅಡ್ಮಿಷನ್ ಗ್ಯಾರಂಟಿ) ಒಪ್ಪಂದ. ಅದಕ್ಕೆ ಎರಡು ವರ್ಷದ ಪದವಿಯೇ ಬೇಕಿಲ್ಲ. ನಿಗದಿತ ಕೋರ್ಸುಗಳೂ ಅಂಕಗಳೂ ಇದ್ದರೆ ನಾವು ಹೆಸರಿಸಿದ ಕ್ಯಾಂಪಸ್ಸಿನಲ್ಲೇ ಪ್ರವೇಶ ಖಾತ್ರಿ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್ ಈ ಆರರಲ್ಲಿ ಒಂದಕ್ಕೆ ಮಾತ್ರ ಅರ್ಜಿ ಹಾಕಬಹುದು. ಬರ್ಕ್‌ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಇದರಲ್ಲಿಲ್ಲ. ನಾನೂ ಸೆಪ್ಟೆಂಬರಿನಲ್ಲಿ ಟ್ಯಾಗ್ ಅರ್ಜಿ ತುಂಬಿದ್ದೆ. ಆದರೆ ಮಗನ ಶಾಲೆ ಬಿಡಿಸಿ ಊರು ಬದಲಿಸುವ ಸ್ಥಿತಿ ನಮ್ಮ ಮನೆಯಲ್ಲಿರಲಿಲ್ಲ.

ಊರು ಬಿಟ್ಟು ಹೋಗಬಲ್ಲ, ಸಂಶೋಧನೆಯತ್ತ ಒಲವಿರುವ ಯುವಕ ಯುವತಿಯರಿಗೆ ಟ್ಯಾಗ್ ಮೇಲು. ಮನೆ, ಮಕ್ಕಳು, ಕೆಲಸಗಳ ನಡುವೆ ಓದುವವರಿಗೆ ನಾನು ಎ.ಎ.-ಟಿ. ಯನ್ನೇ ಹೇಳುತ್ತೇನೆ. ವಿಷಯ ಇನ್ನೂ ತೀರ್ಮಾನವಾಗದವರು ಸಾಮಾನ್ಯ ಎ.ಎ. ಯಲ್ಲಿ ಒಂದು ಸೆಮಿಸ್ಟರ್ ಕಳೆಯಲಿ, ಎರಡನೆಯದು ಬೇಡ. ಮೊದಲ ತಿಂಗಳಲ್ಲೇ ಕೌನ್ಸೆಲರ್ ಎದುರು ಕುಳಿತು, ಪ್ರತಿ ಸೆಮಿಸ್ಟರಿನ ಕೋರ್ಸುಗಳ ಯೋಜನೆಯನ್ನು ಬರವಣಿಗೆಯಲ್ಲೇ ಪಡೆದು, ಅದನ್ನು ಅಸಿಸ್ಟ್‌ನ ಎರಡು ಸಾಲುಗಳ ಪಕ್ಕದಲ್ಲಿಟ್ಟು ಸ್ವತಃ ತಾಳೆ ನೋಡಬೇಕು.