ಮೆಜೆಸ್ಟಿಕ್ ಮೆಟ್ರೋ: ದಿನವೂ ಲೈನ್ ಬದಲಿಸುವವನ ವಿಮರ್ಶೆ

ಜಯನಗರದಲ್ಲಿ ಗ್ರೀನ್ ಲೈನ್ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು, ಪರ್ಪಲ್ ಹಿಡಿದು ವೈಟ್‌ಫೀಲ್ಡ್ ಕಡೆ ಕೆಲಸಕ್ಕೆ ಹೋಗುವವನು ನಾನು. ಮಧ್ಯಾಹ್ನ ಕೇಳಿದರೆ ಈ ನಿಲ್ದಾಣಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಬೆಳಿಗ್ಗೆ ಒಂಬತ್ತಕ್ಕೆ ಕೇಳಿದರೆ ಎರಡು.

ಇಲ್ಲಿ ಹಿಂದೆ ಧರ್ಮಾಂಬುಧಿ ಕೆರೆ ಇತ್ತು. ಕೆರೆ ಹೋಗಿ ಬಸ್ ಸ್ಟ್ಯಾಂಡ್ ಬಂತು. ಆಮೇಲೆ ಅದೇ ನೆಲ ಅಗೆದು ಮೆಟ್ರೋ ತಂದರು. ಪರ್ಪಲ್ ಲೈನಿನ ಸುರಂಗ ಭಾಗ 2016ರ ಏಪ್ರಿಲ್ ಕೊನೆಗೆ ಶುರುವಾಯಿತು. ಗ್ರೀನ್ ಇಲ್ಲಿಗೆ ಬರಲು 2017ರ ಜೂನ್ ಆಯಿತು. ಚಿಕ್ಕಪೇಟೆ ಕಡೆಯ ಗಟ್ಟಿ ಬಂಡೆ ಕೊರೆಯಲು ಗೋದಾವರಿ, ಕೃಷ್ಣಾ ಎಂಬ ಯಂತ್ರಗಳು ಪಟ್ಟ ಪಾಡು ಆಗ ಪೇಪರಿನಲ್ಲಿ ಆಗಾಗ ಬರುತ್ತಿತ್ತು. ಅಲ್ಲಿಯವರೆಗೆ ನಾಗಸಂದ್ರ ಕಡೆಯವರಿಗೆ ಸಂಪಿಗೆ ರಸ್ತೆಯೇ ಕೊನೆ. ಇಳಿದು ಆಟೋ ಹುಡುಕಬೇಕು, ಇಲ್ಲವೇ ನಡೆಯಬೇಕು.

ವಿನ್ಯಾಸದ ಲೆಕ್ಕ ಸರಳ. ಪರ್ಪಲ್ ಮೇಲೆ, ಗ್ರೀನ್ ಅದರ ಕೆಳಗೆ ಅಡ್ಡಲಾಗಿ. ಗೇಟಿನಿಂದ ಹೊರಗೆ ಬರದೆ ಲೈನ್ ಬದಲಿಸಬಹುದು, ಮಳೆ ಬಿಸಿಲಿನ ಗೊಡವೆ ಇಲ್ಲ. ಟಿಕೆಟ್ ಕೊಳ್ಳುವ ಅಂತಸ್ತಂತೂ ಎಷ್ಟು ವಿಶಾಲ ಅಂದರೆ ಅಲ್ಲಿ ಕ್ರಿಕೆಟ್ ಆಡಬಹುದು. ತಮಾಷೆ ಅಂದರೆ ಜನ ಒತ್ತುವುದು ಅಲ್ಲಿ ಅಲ್ಲವೇ ಅಲ್ಲ. ಎರಡು ಲೈನುಗಳ ನಡುವಿನ ಎಸ್ಕಲೇಟರ್ ಬಾಯಲ್ಲಿ. ಗ್ರೀನ್ ರೈಲಿನ ಬಾಗಿಲು ತೆರೆದ ಕೂಡಲೇ ಎಲ್ಲರೂ ಒಂದೇ ಕಡೆ ನುಗ್ಗುತ್ತಾರೆ. ಮೇಲೆ ಹತ್ತಿದವರಲ್ಲಿ ಒಬ್ಬರು ಮೊಬೈಲ್ ನೋಡಲು ನಿಂತರೆ ಸಾಕು, ಹಿಂದಿನವರೆಲ್ಲ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಳ್ಳುತ್ತಾರೆ. ಸೆಕ್ಯೂರಿಟಿಯವರ ಸೀಟಿ ಶುರು.

ಮೊದಲು ಇಷ್ಟು ಕಷ್ಟ ಇರಲಿಲ್ಲ. ನಿಲ್ದಾಣ ಅಷ್ಟೇ ಇದೆ, ಲೈನು ಬೆಳೆದಿದೆ. 2023ರ ಅಕ್ಟೋಬರ್‌ನಲ್ಲಿ ಪರ್ಪಲ್ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದಾಯಿತು, 43 ಕಿ.ಮೀ. ದಾಟಿತು. 2025ರ ಆಗಸ್ಟ್‌ನಿಂದ ಯೆಲ್ಲೋ ಲೈನಿನವರೂ ಆರ್‌.ವಿ. ರಸ್ತೆಯಲ್ಲಿ ಗ್ರೀನ್ ಹತ್ತಿ ಇಲ್ಲಿಗೇ ಬರುತ್ತಾರೆ. ಗ್ರೀನ್‌ನಿಂದ ಪರ್ಪಲ್‌ಗೆ ಹೋಗಲು ಇರುವುದು ಇದೊಂದೇ ಜಾಗ ಅಲ್ವಾ? ಇನ್ನೊಂದು ಕಡೆಯೂ ಕೂಡಿಸುವವರೆಗೆ ಎಸ್ಕಲೇಟರ್ ಎಷ್ಟು ಹಾಕಿದರೂ ಸಾಲದು ಅನ್ನಿಸುತ್ತದೆ.

ಹೊಸಬರಿಗೆ ಎರಡು ಮಾತು. ಇಳಿದ ತಕ್ಷಣ ಎದುರಿನ ಎಸ್ಕಲೇಟರಿಗೆ ಮುಗಿಬೀಳಬೇಡಿ, ಸ್ವಲ್ಪ ನಡೆದು ಮೆಟ್ಟಿಲು ಹತ್ತಿ. ಊರಿಗೆ ಹೋಗುವ ರೈಲು ಹಿಡಿಯಬೇಕೇ? ಲಗೇಜ್ ಇದ್ದರೆ ಇಲ್ಲಿ ಹೊರಗೆ ಬರಬೇಡಿ. ಪರ್ಪಲ್‌ನಲ್ಲಿ ಚಲ್ಲಘಟ್ಟ ಕಡೆ ಮುಂದಿನ ಸ್ಟಾಪ್ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ, ಅಲ್ಲಿ ಇಳಿಯಿರಿ.